ಗುಮ್ಮಟದ ಊರಿನಲ್ಲಿ ನೀರಿನ ದಾರಿ

ವಿಜಯಪುರಕ್ಕೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಉತ್ತರ ಸಿಗುತ್ತದೆ. ಗೋಳಗುಮ್ಮಟ ನೋಡಿದೆವು, ಮೆಟ್ಟಿಲು ಹತ್ತಿ ಮೇಲೆ ಹೋಗಿ ಕೂಗಿದೆವು, ಕೂಗಿದ್ದು ಏಳು ಸಲ ಕೇಳಿಸಿತು. ಇನ್ನೂ ಸ್ವಲ್ಪ ಕೆದಕಿದರೆ ಇಬ್ರಾಹಿಂ ರೋಜಾದ ಹೆಸರು, ದೊಡ್ಡ ತೋಪಿನ ನೆನಪು, ಬಾರಾ ಕಮಾನಿನ ಮುಂದೆ ತೆಗೆಸಿಕೊಂಡ ಫೋಟೋ ಹೊರಬರುತ್ತವೆ. ಬೆಳಿಗ್ಗೆ ಬಸ್ಸಿಳಿದು ಮಧ್ಯಾಹ್ನದ ಊಟ ಮುಗಿಸಿ ಬಾದಾಮಿಯ ಕಡೆಗೋ ಆಲಮಟ್ಟಿಯ ಕಡೆಗೋ ಹೊರಟುಬಿಡುವ ಪ್ರವಾಸದಲ್ಲಿ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಕಷ್ಟವೇ. ಹಾಗಿದ್ದರೂ ಈ ಉತ್ತರ ಕೇಳಿದಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಕೊರಗು ಉಳಿಯುತ್ತದೆ. ಸುಮಾರು ಇನ್ನೂರು ವರ್ಷ ಆದಿಲ್ ಶಾಹಿ ಸುಲ್ತಾನರ ರಾಜಧಾನಿಯಾಗಿ ಬಾಳಿದ ಊರು ನಮ್ಮ ಕಣ್ಣಿಗೆ ಬಿಡಿಬಿಡಿ ಕಟ್ಟಡಗಳ ಪಟ್ಟಿಯಾಗಿ ಮಾತ್ರ ಉಳಿದಿದೆ. ಆ ಕಟ್ಟಡಗಳಿಗೆ ಒಂದಕ್ಕೊಂದು ಏನು ಸಂಬಂಧ, ಮಳೆ ಕೈಕೊಡುವ ಈ ಒಣ ನೆಲದಲ್ಲಿ ಅಷ್ಟೊಂದು ಜನ ಸೇರಿ ಅಷ್ಟೊಂದು ಕಟ್ಟಿದ್ದು ಹೇಗೆ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಎಲ್ಲಿಯೂ ಏಳುವುದಿಲ್ಲ.

ಈ ಪ್ರಶ್ನೆ ನನ್ನಲ್ಲಿ ಎದ್ದದ್ದೂ ತಡವಾಗಿಯೇ. ಒಮ್ಮೆ ಎದ್ದ ಮೇಲೆ ಮಾತ್ರ ಆ ಊರನ್ನು ಹಳೆಯ ರೀತಿಯಲ್ಲಿ ನೋಡಲು ಸಾಧ್ಯವಾಗಲಿಲ್ಲ.

ಗುಮ್ಮಟದ ಕೆಳಗೆ

ಗೋಳಗುಮ್ಮಟದ ಬಗ್ಗೆ ನನಗೆ ತಕರಾರಿಲ್ಲ, ಅಪಾರ ಗೌರವವಿದೆ. ತಕರಾರಿರುವುದು ನಾವು ಅಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆ. ಚಳಿಗಾಲದ ಒಂದು ಬೆಳಿಗ್ಗೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದೆ. ಶಾಲೆಯ ಮಕ್ಕಳ ಬಸ್ಸುಗಳು ಇನ್ನೂ ಬಂದಿರಲಿಲ್ಲ. ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಿ, ಏಳನೆಯ ಅಂತಸ್ತಿನಿಂದ ಚಾವಣಿಗೆ ಬಂದು, ಗುಮ್ಮಟದ ಗೋಡೆಯಲ್ಲಿರುವ ಸಣ್ಣ ಬಾಗಿಲಿನ ಮೂಲಕ ಒಳಗಿನ ಜಗಲಿಗೆ ಕಾಲಿಟ್ಟಾಗ ನನ್ನ ಚಪ್ಪಲಿಯ ಸದ್ದು ಬೇರೆ ಯಾರದೋ ಹೆಜ್ಜೆಯಂತೆ ಎದುರುಗಡೆಯಿಂದ ಬಂತು. ಅಲ್ಲಿದ್ದ ಹಿರಿಯ ಮಾರ್ಗದರ್ಶಿಯೊಬ್ಬರು ನನ್ನನ್ನು ಗೋಡೆಗೆ ಒತ್ತಿ ಕೂರುವಂತೆ ಹೇಳಿ, ತಾವು ನಿಧಾನವಾಗಿ ನಡೆಯುತ್ತ ಎದುರು ಬದಿಗೆ ಹೋದರು. ಒಳಗಿನ ವ್ಯಾಸ ಸುಮಾರು 38 ಮೀಟರ್. ಅಷ್ಟು ದೂರದಲ್ಲಿ ಅವರ ಮುಖ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಅವರು ಜೇಬಿನಿಂದ ಒಂದು ಕಾಗದ ತೆಗೆದು ನಿಧಾನವಾಗಿ ಹರಿದರು. ಕಾಗದದ ಎಳೆ ಎಳೆ ಬಿಡುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಹುಟ್ಟಿತು. ಆಮೇಲೆ ಗೋಡೆಗೆ ಬಾಯಿಟ್ಟು, ಪಿಸುಮಾತಿನಲ್ಲಿ, ನನ್ನ ಊರು ಯಾವುದೆಂದು ಕೇಳಿದರು. ನಾನೂ ಪಿಸುಮಾತಿನಲ್ಲೇ ಉತ್ತರಿಸಿದೆ. ಹೀಗೆ ಸ್ವಲ್ಪ ಹೊತ್ತು ನಾವಿಬ್ಬರು ಅಪರಿಚಿತರು ಅಷ್ಟು ದೊಡ್ಡ ಬಯಲಿನ ಎರಡು ತುದಿಗಳಲ್ಲಿ ಕುಳಿತು, ಒಂದೇ ಕಟ್ಟೆಯ ಮೇಲೆ ಕುಳಿತವರಂತೆ ಮಾತನಾಡಿದೆವು.

ಬಸ್ಸುಗಳು ಬಂದ ಮೇಲೆ ಅದು ಮುಗಿಯಿತು. ಸೀಟಿ, ಕೇಕೆ, ಚಪ್ಪಾಳೆ, ಹೆಸರು ಹಿಡಿದು ಕರೆಯುವ ಕೂಗು, ಎಲ್ಲವೂ ಒಂದರ ಮೇಲೊಂದು ಬಿದ್ದು, ಏಳು ಸಲವಿರಲಿ ಒಂದು ಸಲವೂ ಸರಿಯಾಗಿ ಕೇಳಿಸದಂಥ ಗದ್ದಲವಾಯಿತು. ಮಕ್ಕಳನ್ನು ದೂರುವುದಿಲ್ಲ, ಅಲ್ಲಿಗೆ ಕೂಗಲಿಕ್ಕೇ ಹೋಗುವುದು ಎಂದು ಅವರಿಗೆ ಹೇಳಿದವರು ನಾವು. ಕೆಳಗೆ ನಡುವಿನ ಕಟ್ಟೆಯ ಮೇಲೆ ಮರದ ಮಂಟಪದಡಿಯಲ್ಲಿ ಮಹಮ್ಮದ್ ಆದಿಲ್ ಶಾಹನ ಮತ್ತು ಅವನ ಮನೆಯವರ ಸಮಾಧಿಯ ಗುರುತುಗಳಿವೆ, ನಿಜವಾದ ಗೋರಿಗಳು ಅದಕ್ಕೂ ಕೆಳಗಿನ ನೆಲಮಾಳಿಗೆಯಲ್ಲಿವೆ ಎಂಬುದನ್ನು ಮೇಲೆ ಹತ್ತುವ ಮೊದಲು ಯಾರಾದರೂ ಒಂದು ಮಾತು ಹೇಳಿದ್ದರೆ ಅವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ದಕ್ಷಿಣದ ಬಾಗಿಲಿನ ಮೇಲೆ ಒಂದು ಶಾಸನವಿದೆ. ಅದರಲ್ಲಿ ಮೂರು ಸಣ್ಣ ಸಾಲುಗಳು. ಪ್ರತಿ ಸಾಲಿನ ಅಕ್ಷರಗಳಿಗೂ ಇರುವ ಸಂಖ್ಯಾಮೌಲ್ಯವನ್ನು ಕೂಡಿದರೆ ಹಿಜರಿ 1067 ಎಂಬ ಒಂದೇ ವರ್ಷ ಬರುತ್ತದೆ. ಅದು ಸುಲ್ತಾನ ತೀರಿಕೊಂಡ ವರ್ಷ, ನಮ್ಮ ಲೆಕ್ಕದಲ್ಲಿ 1656. ಆ ಬಾಗಿಲಿನ ಕೆಳಗಿನಿಂದಲೇ ಎಲ್ಲರೂ ಒಳಗೆ ಹೋಗುತ್ತಾರೆ, ತಲೆ ಎತ್ತುವವರು ಕಡಿಮೆ.

ಪ್ರತಿಧ್ವನಿಗಿಂತ ದೊಡ್ಡ ಬೆರಗು ಆ ಗುಮ್ಮಟ ನಿಂತಿರುವ ಬಗೆ. ಒಳಗೆ ಒಂದೂ ಕಂಬವಿಲ್ಲ. ಚೌಕವಾದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸಲು ಅವರು ಎಂಟು ಭಾರಿ ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ಎಬ್ಬಿಸಿದರು; ಮೇಲಿನಿಂದ ನೋಡಿದರೆ ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ನಕ್ಷೆ ಅದು. ಕಮಾನುಗಳ ನಡುವಿನ ಗಾರೆಯ ಭಾಗ ಮೇಲೇರುತ್ತ ಏರುತ್ತ ಒಳಕ್ಕೆ ಬಾಗುತ್ತದೆ. ಹೊರಕ್ಕೆ ಒದೆಯುವ ಗುಮ್ಮಟದ ಬಲವನ್ನು ಒಳಕ್ಕೆ ಜಗ್ಗುವ ಆ ಭಾರವೇ ಹಿಡಿದಿಡುತ್ತದೆ. ನಾವು ಕುಳಿತು ಪಿಸುಗುಡುವ ಜಗಲಿ ಹುಟ್ಟಿದ್ದು ಈ ಲೆಕ್ಕಾಚಾರದಿಂದಲೇ: ಒಳಚಾಚಿದ ಆ ಅಂಚಿಗಿಂತ ಗುಮ್ಮಟ ಹಿಂದಕ್ಕೆ ಸರಿದು ಕುಳಿತಿದೆ, ಉಳಿದ ಜಾಗ ನಡೆದಾಡುವ ಜಗಲಿಯಾಗಿದೆ. ಪ್ರತಿಧ್ವನಿಗಾಗಿ ಕಟ್ಟಿದ ಕಟ್ಟಡ ಎಂದು ಹೇಳುವಾಗ ಈ ಅಸಲಿ ಜಾಣ್ಮೆಯೇ ಮರೆಯಾಗಿಬಿಡುತ್ತದೆ.

ಪಟ್ಟಿಯ ಉಳಿದ ಹೆಸರುಗಳು

ಉಳಿದ ನೋಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಓದುಗರಿಗೆ ಅವು ಪರಿಚಿತವೇ. ಎರಡನೆಯ ಅಲಿ ಆದಿಲ್ ಶಾಹ ತನ್ನ ಸಮಾಧಿಗೆಂದು ತೊಡಗಿಸಿ, 1672ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ನಿಂತ ಬಾರಾ ಕಮಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದು ಮುಂದೆ ಇಲ್ಲಿಗೆ ತಂದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು. ಈ ತೋಪನ್ನು 1854ರಲ್ಲಿ ಬೇಡವಾದ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಕರೆ 150 ರೂಪಾಯಿ. ಮಾರಾಟ ರದ್ದಾದದ್ದರಿಂದ ಅದು ಇಂದಿಗೂ ತನ್ನ ಬುರುಜಿನ ಮೇಲಿದೆ. ಸಿಂಹದ ಬಾಯೊಳಗೆ ಸಿಕ್ಕ ಆನೆಯ ಕೆತ್ತನೆಯನ್ನು ಬೆರಳಿನಿಂದ ಮುಟ್ಟಿ ನೋಡುವವರು ಈ ಕಥೆಯನ್ನೂ ತಿಳಿದಿರಬೇಕು. ಹೊರಸುತ್ತಿನ ಮೆಟ್ಟಿಲುಗಳಿರುವ ಉಪಲಿ ಬುರುಜು 1584ರದು. ಊರಿನ ಒಟ್ಟು ವಿಸ್ತಾರ ಕಾಣಬೇಕೆಂದರೆ ಅದನ್ನೇ ಹತ್ತಬೇಕು.

ಇಬ್ರಾಹಿಂ ರೋಜಾದ ಬಗ್ಗೆ ಮಾತ್ರ ಬೇಗ ಹೇಳಿ ಮುಗಿಸಲು ಮನಸ್ಸು ಬಾರದು. ಸರಸ್ವತಿಯನ್ನು ಸ್ತುತಿಸಿ ಪದ ಕಟ್ಟಿದ, ಜಗದ್ಗುರು ಬಾದಶಹ ಎಂದು ಜನ ಕರೆದ ಎರಡನೆಯ ಇಬ್ರಾಹಿಂ ಆದಿಲ್ ಶಾಹನೂ ಅವನ ರಾಣಿ ತಾಜ್ ಸುಲ್ತಾನಾಳೂ ಮಲಗಿರುವ ಸ್ಥಳ ಅದು. ಅಲ್ಲಿನ ಕಿಟಕಿಗಳ ಕಲ್ಲಿನ ಜಾಲಂದ್ರವನ್ನು ಹೂಬಳ್ಳಿಯಿಂದ ಹೆಣೆದಿಲ್ಲ, ಅರಬ್ಬಿ ಅಕ್ಷರಗಳಿಂದ ಹೆಣೆದಿದ್ದಾರೆ. ಒಳಗಿನ ಕತ್ತಲೆಯಲ್ಲಿ ನಿಂತು ನೋಡಿದರೆ ಅಕ್ಷರಗಳ ಸಂದಿಯಿಂದ ಬೆಳಕು ಬರುತ್ತದೆ. ಓದಲು ಬಾರದ ನನ್ನಂಥವರಿಗೂ ಅದು ಬರಹವೆಂದು ತಿಳಿಯುತ್ತದೆ. ಮಸೀದಿಯ ಸೂರಿನಿಂದ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳು ಇಳಿಬಿದ್ದಿವೆ. ಸಮಾಧಿಯ ಕೋಣೆಯ ಚಾವಣಿ ಚಪ್ಪಟೆಯಾದ ಕಲ್ಲುಗಳದು, ನಡುವೆ ಆಧಾರವೇ ಇಲ್ಲದೆ ತೂಗಿದಂತಿದೆ. ಈ ಎಲ್ಲದರ ಹಿಂದೆ ಮಲಿಕ್ ಸಂದಲ್ ಎಂಬವನ ಹೆಸರಿದೆ.

ನನ್ನ ಪ್ರಶ್ನೆಗೆ ದಾರಿ ತೆರೆದದ್ದು ಅದೇ ರೋಜಾದ ಅಂಗಳ. ಸಮಾಧಿಗೂ ಮಸೀದಿಗೂ ನಡುವೆ, ಒಂದೇ ಜಗತಿಯ ಮೇಲೆ, ಒಂದು ಒಣಗಿದ ಕೊಳವಿದೆ. ಫೋಟೋ ತೆಗೆಯುವವರು ಎರಡು ಕಟ್ಟಡಗಳೂ ಚೌಕಟ್ಟಿನಲ್ಲಿ ಬರಲೆಂದು ಅದರ ಅಂಚಿನಲ್ಲೇ ನಿಲ್ಲುತ್ತಾರೆ. ಅದರ ತಳದ ಕಸಕಡ್ಡಿಯನ್ನು ನೋಡುತ್ತ ನಿಂತಾಗ ನನಗೆ ಆ ದಿನ ನೋಡಿದ ಉಳಿದ ಜಾಗಗಳು ಒಂದೊಂದಾಗಿ ನೆನಪಾದವು. ಜುಮ್ಮಾ ಮಸೀದಿಯ ಅಂಗಳದಲ್ಲೊಂದು ಕೊಳ. ಅಸರ್ ಮಹಲಿನ ಎತ್ತರದ ಮರದ ಕಂಬಗಳ ಮುಂದೊಂದು ಕೊಳ. ಸಾತ್ ಮಂಜಿಲ್‌ನ ಎದುರು ಜಲ ಮಂಜಿಲ್ ಎಂಬ ಪುಟ್ಟ ಮಂಟಪ, ಅದರ ಸುತ್ತ ಒಂದು ಕೊಳ. ಬಾದಶಹ ಸತ್ತ ಮೇಲೂ ನೀರಿನ ಪಕ್ಕದಲ್ಲೇ ಮಲಗಬಯಸಿದ ಊರಿದು. ಹಾಗಾದರೆ ಈ ನೀರೆಲ್ಲ ಎಲ್ಲಿಂದ ಬರುತ್ತಿತ್ತು?

ತಾಜ್ ಬಾವಡಿಯ ಮೆಟ್ಟಿಲು

ರೋಜಾದಿಂದ ಊರಿನ ಕಡೆಗೆ ಹಿಂತಿರುಗಿ, ಪಶ್ಚಿಮದ ಮಕ್ಕಾ ದರವಾಜೆಯನ್ನು ಹಾದು ಒಳಗೆ ಬಂದರೆ ಸ್ವಲ್ಪ ದೂರದಲ್ಲೇ ತಾಜ್ ಬಾವಡಿ ಎಂಬ ಮೆಟ್ಟಿಲು ಬಾವಿ ಇದೆ. 1620ರಲ್ಲಿ ಕಟ್ಟಿದ್ದು. ರೋಜಾ ಯಾರ ಹೆಸರಿನೊಂದಿಗೆ ಬೆಸೆದುಕೊಂಡಿದೆಯೋ ಆ ತಾಜ್ ಸುಲ್ತಾನಾಳ ಹೆಸರೇ ಇದಕ್ಕೂ, ಕಟ್ಟಿಸಿದವನ ಹೆಸರೂ ಅದೇ ಮಲಿಕ್ ಸಂದಲ್. ಒಬ್ಬನೇ ಮನುಷ್ಯನ, ಒಬ್ಬಳೇ ರಾಣಿಯ ಹೆಸರಿನ ಎರಡು ಕಟ್ಟಡಗಳಲ್ಲಿ ಒಂದನ್ನು ನಾವು ಟಿಕೆಟ್ ಕೊಟ್ಟು ನೋಡುತ್ತೇವೆ, ಇನ್ನೊಂದರ ಪಕ್ಕದಲ್ಲಿ ಗಾಡಿ ನಿಲ್ಲಿಸದೆ ಹಾದುಹೋಗುತ್ತೇವೆ. ಈ ಅಂತರ ನನಗೆ ಇಂದಿಗೂ ನೋವು ಕೊಡುತ್ತದೆ.

ನಾನು ಹೋದಾಗ ಸಂಜೆಯ ಬಿಸಿಲು ಇಳಿಯುತ್ತಿತ್ತು. ಎರಡು ಬದಿಯಲ್ಲಿ ಎಂಟು ಮೂಲೆಯ ಗೋಪುರಗಳು, ನಡುವೆ ಅರಮನೆಯೊಂದಕ್ಕೆ ಸಲ್ಲಬೇಕಾದಂಥ ದೊಡ್ಡ ಕಮಾನು. ಅದರ ಕೆಳಗೆ ನಿಂತರೆ ಒಮ್ಮೆಗೇ ನೆಲ ಕೆಳಕ್ಕೆ ಸರಿದು, ಆಳದಲ್ಲಿ ಹಸಿರು ಬಣ್ಣದ ನೀರಿನ ಚೌಕ ಕಾಣುತ್ತದೆ. ಎಡಬಲದಿಂದ ಮೆಟ್ಟಿಲುಗಳು ಇಳಿಯುತ್ತವೆ. ಸುತ್ತಲೂ ದಾರಿಹೋಕರು ತಂಗಲೆಂದು ಮಾಡಿದ ಕಮಾನಿನ ಕೋಣೆಗಳು. ಮೆಟ್ಟಿಲಿನ ಕಲ್ಲುಗಳ ಅಂಚು ನಡುವಿನಲ್ಲಿ ಸವೆದು ತಗ್ಗಾಗಿದೆ. ಕೊಡ ಹೊತ್ತವರು ಮೂರು ನಾಲ್ಕು ಶತಮಾನ ಇಳಿದು ಹತ್ತಿದ ಗುರುತು ಅದು. ಪಾರಿವಾಳಗಳು ಒಂದು ಕಮಾನಿನಿಂದ ಇನ್ನೊಂದಕ್ಕೆ ಹಾರಿದಾಗ ರೆಕ್ಕೆಯ ಸದ್ದು ನೀರಿಗೆ ಬಡಿದು ಮೇಲೆ ಬರುತ್ತಿತ್ತು.

ಪಕ್ಕದ ಓಣಿಯ ವಯಸ್ಸಾದವರೊಬ್ಬರು ಬಂದು ಹತ್ತಿರ ನಿಂತರು. "ನೋಡಾಕ ಬಂದೀರೇನ್ರಿ? ಇಲ್ಲಿಗೆ ಯಾರೂ ಬರಂಗಿಲ್ಲರಿ, ಎಲ್ಲಾರೂ ಗುಮ್ಮಟಕ್ಕ ಹೋಗತಾರ," ಎಂದರು. ಅವರು ಹುಡುಗನಾಗಿದ್ದಾಗ ಬೇಸಿಗೆಯ ರಜೆಯೆಲ್ಲ ಈ ನೀರಿನಲ್ಲೇ ಕಳೆಯಿತಂತೆ. ಮೇಲಿನ ಕಟ್ಟೆಯಿಂದ ಜಿಗಿಯುವವರಿಗೆ ಓಣಿಯಲ್ಲಿ ಬೇರೆಯೇ ಮರ್ಯಾದೆ ಇತ್ತಂತೆ. ಆಮೇಲೆ ನಲ್ಲಿ ಬಂತು, ಬಾವಡಿ ಬೇಡವಾಯಿತು. ಬಟ್ಟೆ ಒಗೆಯುವುದು, ಕಸ ಎಸೆಯುವುದು, ಬಣ್ಣ ಬಳಿದ ಗಣಪತಿಗಳನ್ನು ಮುಳುಗಿಸುವುದು, ಹೀಗೆ ನೀರು ಕೆಟ್ಟು ಹತ್ತಿರ ನಿಲ್ಲಲಾಗದಷ್ಟು ನಾರಿತು. ಕೆಲವು ವರ್ಷಗಳ ಹಿಂದೆ ಊರಿನ ಹಳೆಯ ಬಾವಡಿಗಳ ಹೂಳೆತ್ತುವ ಕೆಲಸ ನಡೆದಾಗ ಇದನ್ನೂ ಸ್ವಚ್ಛಗೊಳಿಸಿದರು. ತಳದ ಹೂಳು ತೆಗೆದಾಗ ಸೆಲೆಗಳು ಮತ್ತೆ ತೆರೆದು ನೀರು ತಾನೇ ಏರಿತು ಎಂದು ಹೇಳುವಾಗ ಅವರ ದನಿಯಲ್ಲಿ ಮನೆಯ ಮಗುವಿಗೆ ಜ್ವರ ಬಿಟ್ಟ ಸುದ್ದಿ ಹೇಳುವವರ ನೆಮ್ಮದಿಯಿತ್ತು. ಅವರೊಂದಿಗೆ ಮಾತನಾಡಿದ ಆ ಸ್ವಲ್ಪ ಹೊತ್ತಿನಲ್ಲಿ ಈ ಊರಿನ ಬಗ್ಗೆ ನನಗೆ ಸಿಕ್ಕಷ್ಟು ತಿಳಿವಳಿಕೆ ಯಾವ ಫಲಕದಿಂದಲೂ ಸಿಕ್ಕಿರಲಿಲ್ಲ.

ನೆಲದೊಳಗಿನ ಊರು

ಬಾವಡಿಗಳು ಕಣ್ಣಿಗೆ ಕಾಣುವ ಭಾಗ ಮಾತ್ರ. ವ್ಯವಸ್ಥೆಯ ಹೆಚ್ಚಿನ ಪಾಲು ನೆಲದ ಕೆಳಗಿದೆ. ಊರಿನ ಪಶ್ಚಿಮಕ್ಕಿರುವ ತೊರವಿಯ ಕಡೆಯ ಎತ್ತರದ ನೆಲದಲ್ಲಿ ಅಂತರ್ಜಲ ಸಿಗುವ ಜಾಗ ಹುಡುಕಿ, ಅಲ್ಲಿಂದ ಕೋಟೆಯವರೆಗೆ ಬಂಡೆಯಲ್ಲಿ ಸುರಂಗ ಕೊರೆದರು. ಪರ್ಷಿಯಾದಿಂದ ಬಂದ ಕರೇಜ್ ಪದ್ಧತಿ ಇದು; ಬೀದರಿನಲ್ಲಿಯೂ ಇದನ್ನು ಕಾಣಬಹುದು. ಎಣ್ಣೆಯಿಲ್ಲ, ಎತ್ತಿಲ್ಲ, ರಾಟೆಯಿಲ್ಲ. ಸುರಂಗಕ್ಕೆ ಕೊಟ್ಟ ಅತಿ ಸಣ್ಣ ಇಳಿಜಾರಿನಲ್ಲೇ ನೀರು ತಾನಾಗಿ ಹರಿದು ಬರಬೇಕು. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ದಾರಿಯುದ್ದಕ್ಕೂ ನೆಲದ ಮೇಲಿನಿಂದ ಬಾವಿಯಂಥ ಕಂಡಿಗಳನ್ನು ತೋಡಿದ್ದರು. ಅಗೆದ ಮಣ್ಣನ್ನು ಮೇಲೆತ್ತಲು, ಒಳಗಿನವರಿಗೆ ಗಾಳಿ ಸಿಗಲು, ಮುಂದೆ ಇಳಿದು ಹೂಳು ತೆಗೆಯಲು ಅವೇ ದಾರಿ. ಕತ್ತಲೆಯಲ್ಲಿ ಕುಳಿತು, ದೀಪದ ಬೆಳಕಿನಲ್ಲಿ, ಬಸಾಲ್ಟ್ ಬಂಡೆಯೊಳಗೆ ಅಷ್ಟು ಉದ್ದಕ್ಕೂ ಆ ಸಣ್ಣ ಇಳಿಜಾರನ್ನು ಕಾಪಾಡಿಕೊಂಡವರ ಲೆಕ್ಕ ಗೋಳಗುಮ್ಮಟ ಕಟ್ಟಿದವರ ಲೆಕ್ಕಕ್ಕಿಂತ ಒಂದು ಗುಂಜಿಯಷ್ಟೂ ಕಡಿಮೆಯದಲ್ಲ.

ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ದಕ್ಷಿಣದಲ್ಲಿ ಬೇಗಂ ತಾಲಾಬ್ ಎಂಬ ಕೆರೆ ಸೇರಿಕೊಂಡಿತು. ಅಲ್ಲಿಂದ ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಎತ್ತರದಿಂದ ಇಳಿಯುವ ನೀರನ್ನು ನೇರವಾಗಿ ಬಿಟ್ಟರೆ ಒತ್ತಡಕ್ಕೆ ಮಣ್ಣಿನ ಕೊಳವೆ ಸಿಡಿಯುತ್ತದೆ. ಅದಕ್ಕಾಗಿ ದಾರಿಯ ನಡುನಡುವೆ ಗಂಜ್ ಎಂಬ ಚೌಕ ಗೋಪುರಗಳನ್ನು ಕಟ್ಟಿದರು. ನೀರು ಗೋಪುರದೊಳಗೆ ಮೇಲೇರಿ, ಬಿರುಸು ಕಳೆದುಕೊಂಡು, ತನ್ನೊಡನೆ ತಂದ ಮಣ್ಣನ್ನು ತಳದಲ್ಲಿ ಬಿಟ್ಟು, ಮುಂದಿನ ಕೊಳವೆಗೆ ತಿಳಿಯಾಗಿ ಇಳಿಯುತ್ತದೆ. ಇಂದಿಗೂ ಊರಿನ ಅಲ್ಲಲ್ಲಿ, ಮನೆಗಳ ಸಾಲಿನ ನಡುವೆ, ರಸ್ತೆಯ ಬದಿಯಲ್ಲಿ ಈ ಗೋಪುರಗಳು ನಿಂತಿವೆ. ಕಾವಲು ಗೋಪುರವೆಂದೋ ಯಾವುದೋ ಹಾಳು ಗೋಡೆಯೆಂದೋ ತಿಳಿದು ಜನ ಸುಮ್ಮನೆ ಹೋಗುತ್ತಾರೆ. ಅಸರ್ ಮಹಲಿನ ಮುಂದಿನ ಕೊಳಕ್ಕೆ ನೀರು ಬರುತ್ತಿದ್ದದ್ದು ಈ ಬೇಗಂ ತಾಲಾಬಿನಿಂದಲೇ ಎಂಬುದನ್ನು ತಿಳಿದ ಮೇಲೆ, ಊರಿನ ಒಂದು ಮೂಲೆಯ ಕೆರೆಗೂ ಇನ್ನೊಂದು ಮೂಲೆಯ ಮಹಲಿಗೂ ನಡುವೆ ನಾವು ಓಡಾಡುವ ರಸ್ತೆಗಳ ಕೆಳಗೇ ಒಂದು ಗೆರೆ ಎಳೆದಂತಾಯಿತು.

ಈ ಕೆಲಸ ಹಂತ ಹಂತವಾಗಿ ಬೆಳೆಯಿತು ಎಂಬುದೂ ಗಮನಿಸಬೇಕಾದ ಸಂಗತಿ. 1565ರ ರಕ್ಕಸಗಿ ತಂಗಡಗಿ ಯುದ್ಧದ ನಂತರ ರಾಜಧಾನಿಗೆ ಸಂಪತ್ತೂ ಬಂತು, ಜನರೂ ಬಂದರು. ಮೊದಲನೆಯ ಅಲಿ ಆದಿಲ್ ಶಾಹ ಜುಮ್ಮಾ ಮಸೀದಿಯನ್ನು ಆರಂಭಿಸಿದ್ದು ಆಗಲೇ. ಶಹಾಪುರ ದರವಾಜೆಯ ಹತ್ತಿರ ಚಾಂದ್ ಬಾವಡಿಯನ್ನು 1579ರಲ್ಲಿ ಕಟ್ಟಿಸಿದವನೂ ಅವನೇ. ಮಸೀದಿಯೊಂದಿಗೆ ಬಾವಡಿ, ಅರಮನೆಯೊಂದಿಗೆ ಸುರಂಗ, ಸಮಾಧಿಯೊಂದಿಗೆ ಕೆರೆ ಬಂದವು. ಪ್ರತಿ ತಲೆಮಾರೂ ಎರಡನ್ನೂ ಕಟ್ಟಿತು. ನಾವು ನೋಡಲು ಆಯ್ದುಕೊಂಡಿರುವುದು ಅದರಲ್ಲಿ ಅರ್ಧವನ್ನು ಮಾತ್ರ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಊರು ಸೋತಿತು. ರಾಜಧಾನಿಯ ಪಟ್ಟ ಹೋದ ಊರಿನಲ್ಲಿ ಸುರಂಗಕ್ಕಿಳಿದು ಹೂಳು ತೆಗೆಯುವವರನ್ನು ಸಾಕುವವರು ಯಾರು? ಗುಮ್ಮಟವನ್ನು ಯಾರೂ ನೋಡಿಕೊಳ್ಳದಿದ್ದರೂ ಅದು ಬಹಳ ಕಾಲ ನಿಂತಿರಬಲ್ಲದು, ನೀರಿನ ದಾರಿಯನ್ನು ಒಂದು ತಲೆಮಾರು ಮರೆತರೆ ಸಾಕು, ಮುಚ್ಚಿಹೋಗುತ್ತದೆ.

ಇತ್ತೀಚೆಗೆ ಗಮನ ಸ್ವಲ್ಪ ತಿರುಗಿದೆ. ಕಾಳಜಿ ಬೇಕಾದ ಪರಂಪರೆಯ ತಾಣಗಳನ್ನು ಜಗತ್ತಿನಾದ್ಯಂತ ಗುರುತಿಸುವ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್‌ನ 2020ರ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳಿಗೆ ಜಾಗ ಸಿಕ್ಕಿತು. ಇದು ಸಂತೋಷದ ಸಂಗತಿ. ಆದರೆ ಹೊರಗಿನವರ ಪಟ್ಟಿಗಿಂತ ಮೊದಲು ನಮ್ಮ ಶಾಲಾ ಪ್ರವಾಸದ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಬೇಕಿತ್ತು.

ನೋಡುವ ಕ್ರಮ

ಹಾಗಾಗಿ ಈಗ ಯಾರಾದರೂ ವಿಜಯಪುರಕ್ಕೆ ಹೊರಟಿದ್ದೇವೆ ಎಂದರೆ ನಾನು ಕ್ರಮವನ್ನು ಬದಲಿಸಲು ಹೇಳುತ್ತೇನೆ. ಒಂದು ದಿನ ಸಾಲದು, ಎರಡು ದಿನ ಇಟ್ಟುಕೊಳ್ಳಿ. ಮೊದಲ ಬೆಳಿಗ್ಗೆ ತೊರವಿಗೆ ಹೋಗಿ. ಎರಡನೆಯ ಇಬ್ರಾಹಿಂ 1599ರಲ್ಲಿ ಕಟ್ಟಲು ತೊಡಗಿ, 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ಸಿಕ್ಕ ನವರಸಪುರವೆಂಬ ಹೊಸ ಊರಿನ ಅವಶೇಷಗಳೂ ಅಲ್ಲಿವೆ, ನೀರಿನ ದಾರಿ ಆರಂಭವಾಗುವುದೂ ಆ ಬದಿಯಿಂದಲೇ. ಅಲ್ಲಿಂದ ಊರಿನ ಕಡೆಗೆ ಬರುತ್ತ ಇಬ್ರಾಹಿಂ ರೋಜಾ, ಆಮೇಲೆ ಮಕ್ಕಾ ದರವಾಜೆ, ತಾಜ್ ಬಾವಡಿ. ಮಧ್ಯಾಹ್ನದ ಬಿಸಿಲಿಗೆ ಜುಮ್ಮಾ ಮಸೀದಿಯ ನೆರಳು ಒಳ್ಳೆಯದು. ಸಂಜೆ ಉಪಲಿ ಬುರುಜನ್ನು ಹತ್ತಿ, ಅಷ್ಟು ಹೊತ್ತೂ ನೀರಿನ ಜೊತೆ ನಡೆದು ಬಂದ ದಾರಿಯನ್ನು ಮೇಲಿನಿಂದ ಹುಡುಕಿ. ಮರುದಿನ ಅಸರ್ ಮಹಲ್, ಗಗನ ಮಹಲ್, ಬಾರಾ ಕಮಾನ್, ದಾರಿಯಲ್ಲಿ ಸಿಗುವ ಗಂಜ್‌ಗಳು. ಟಾಂಗಾದವರಲ್ಲಿ ಹಳಬರೊಬ್ಬರು ಸಿಕ್ಕರೆ ಯಾವ ಓಣಿಯಲ್ಲಿ ಯಾವ ಬಾವಡಿ ಇದೆ, ಯಾವುದು ಮುಚ್ಚಿಹೋಗಿದೆ ಎಂದು ಅವರೇ ಹೇಳುತ್ತಾರೆ. ಪಟ್ಟಿಯಲ್ಲಿಲ್ಲದ ಜಾಗ ಕೇಳಿದರೆ ಅವರಿಗೆ ಖುಷಿಯಾಗುತ್ತದೆ, ಬಾಡಿಗೆಯನ್ನು ಮಾತ್ರ ಮೊದಲೇ ಮಾತನಾಡಿಕೊಳ್ಳಿ.

ಗೋಳಗುಮ್ಮಟವನ್ನು ಕೊನೆಗೆ ಇಟ್ಟುಕೊಳ್ಳಿ, ಆದರೆ ಮಧ್ಯಾಹ್ನಕ್ಕಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ. ಹೊರಡುವ ದಿನ ಆ ಹೊತ್ತಿಗೆ ಹೋದರೆ ಬಸ್ಸುಗಳು ಬರುವ ಮೊದಲು ಜಗಲಿಯಲ್ಲಿ ಕುಳಿತು ಕಾಗದ ಹರಿಯುವ ಸದ್ದು ಕೇಳಬಹುದು. ಏಪ್ರಿಲ್, ಮೇ ತಿಂಗಳುಗಳನ್ನು ಬಿಟ್ಟುಬಿಡಿ, ಆ ಬಿಸಿಲಿನಲ್ಲಿ ಕಲ್ಲಿನ ನೆಲದ ಮೇಲೆ ಬರಿಗಾಲಿಡಲಾಗುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ. ಸಂಕ್ರಾಂತಿಯ ಸುತ್ತ ಹೋಗುವುದಾದರೆ ಸಿದ್ಧೇಶ್ವರ ಜಾತ್ರೆಯ ಜನಸಂದಣಿಯನ್ನು ಗಮನದಲ್ಲಿಟ್ಟುಕೊಂಡು ಉಳಿದುಕೊಳ್ಳುವ ಕೋಣೆಯನ್ನು ಮುಂಚಿತವಾಗಿ ಹೇಳಿಡುವುದು ಒಳ್ಳೆಯದು.